ಕಿರುನೆಲ್ಲಿ ಉಳೀತು, ಪಥ್ಯ ಎಲ್ಲಿ ಹೋಯ್ತು?

ನಮಸ್ಕಾರ. ನನ್ನ ಕೈಯಲ್ಲಿರೋದು ಕಿರುನೆಲ್ಲಿ, ಈಗ ತಾನೆ ತೋಟದಿಂದ ಕಿತ್ತು ತಂದಿದ್ದು. ಮಳೆ ಹಿಡೀತು ಅಂದ್ರೆ ಅಡಿಕೆ ಮರದ ಬುಡದಲ್ಲಿ ಬೇಡ ಅಂದ್ರೂ ಏಳುತ್ತೆ. ಕಡ್ಡಿ ಮಗುಚಿ ನೋಡಿ, ಎಲೆ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಾಯಿ.

ನಮ್ಮ ತೀರ್ಥಹಳ್ಳಿ ಕಡೆ ಕಾಮಾಲೆ ಅಂದ ಕೂಡ್ಲೆ ಇದನ್ನ ಅರೆದು ಕುಡಿಸ್ತಾರೆ. ನಮ್ಮಜ್ಜಿ ನಂಗೂ ಮಜ್ಜಿಗೆಯಲ್ಲಿ ಕಲಸಿ ಕೊಟ್ಟಿದ್ರು, ಆ ಕಹಿ ಇನ್ನೂ ನಾಲಿಗೆ ಮೇಲಿದೆ. ವಾಸಿ ಆಯ್ತು. ಆದ್ರೆ ಕೊಳಕು ನೀರಿಂದ ಬರೋ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ಜನರಿಗೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಹೆಸರು ಮಾತ್ರ ಸೊಪ್ಪಿಗೆ ಬಂತು.

ಈಗ ಅದೇ ಹೆಸರು ಬಾಟಲಿ ಪಕ್ಕ ಬಂದು ಕೂತಿದೆ. ನಮ್ಮ ದೊಡ್ಡಪ್ಪನ ಮಗ ಕೊನೆಕೊಯ್ಲು ಮುಗಿಸಿ ಸಂಜೆ ಕ್ವಾರ್ಟರ್ ಬಿಚ್ಚೋ ಮೊದಲು ಕಿರುನೆಲ್ಲಿ ಹೆಸರಿರೋ ಎರಡು ಲಿವರ್ ಮಾತ್ರೆ ನುಂಗ್ತಾನೆ. ‘ಗಿಡಮೂಲಿಕೆ ಕಣೋ, ಏನೂ ಆಗಲ್ಲ’ ಅಂತಾನೆ.

ಹೊಟ್ಟೆಗೆ ಹೋದ ಆಲ್ಕೋಹಾಲ್‌ನ ಲಿವರ್ ಮೊದಲು ಅಸಿಟಾಲ್ಡಿಹೈಡ್ ಮಾಡುತ್ತೆ. ಅದು ಮದ್ಯಕ್ಕಿಂತ ಕೆಟ್ಟ ವಿಷ. ಕೊಬ್ಬು ತುಂಬುತ್ತೆ, ಊತ ಬರುತ್ತೆ, ಗಾಯದ ಕಲೆ ಕಟ್ಟಿ ಕಟ್ಟಿ ಕೊನೆಗೆ ಸಿರೋಸಿಸ್. ಕಿರುನೆಲ್ಲಿ, ನೆಲಬೇವು, ಗರುಗದ ಸಾರ ಇಲಿಗಳ ಲಿವರ್‌ನಲ್ಲಿ ಈ ಹಾನಿ ತಗ್ಗಿಸಿದ್ದು ನಿಜ, ಸುಳ್ಳು ಅಂತ ನಾನು ಹೇಳ್ತಿಲ್ಲ. ಮನುಷ್ಯರಲ್ಲಿ? ಮಿಲ್ಕ್ ಥಿಸಲ್ ಅನ್ನೋ ಮುಳ್ಳುಗಿಡದ ಸಾರ ಸಿಲಿಮರಿನ್ ಇದೆಯಲ್ಲ, ಎಲ್ಲಕ್ಕಿಂತ ಹೆಚ್ಚು ಪರೀಕ್ಷೆ ಕಂಡಿದ್ದು ಅದೇ. 1989ರಲ್ಲಿ ಆಸ್ಟ್ರಿಯಾದ 170 ಸಿರೋಸಿಸ್ ರೋಗಿಗಳಲ್ಲಿ ಅದನ್ನ ತಗೊಂಡವರು ಹೆಚ್ಚು ಬದುಕಿದ್ರು. 1998ರಲ್ಲಿ ಸ್ಪೇನ್‌ನ 200 ಕುಡುಕ ರೋಗಿಗಳಲ್ಲಿ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಅದನ್ನೂ ಗ್ಯಾರಂಟಿ ಅನ್ನೋ ಹಾಗಿಲ್ಲ.

ಗಿಡ ಅಂದ ಮಾತ್ರಕ್ಕೆ ಸಾಧು ಅಲ್ಲ. ನಮ್ಮ ಕಾಡಿನ ಉಪ್ಪಾಗೆ ನೋಡಿ. ಸಾರಿಗೆ ಹುಳಿಯಾಗಿ ಹಾಕಿದ್ರೆ ಏನಿಲ್ಲ. ಅದರ ಸಾರ ಹಿಂಡಿ ತೂಕ ಇಳಿಸೋ ಮಾತ್ರೆ ಮಾಡಿದ ಮೇಲೆ ನುಂಗಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಹಳ್ಳಿ ವೈದ್ಯರು ಬರೀ ಸೊಪ್ಪು ಕೊಡ್ತಿರಲಿಲ್ಲ. ಜೊತೆಗೆ ಪಥ್ಯ ಹೇಳ್ತಿದ್ರು: ಎಣ್ಣೆ ಬೇಡ, ಖಾರ ಬೇಡ, ಹೆಂಡ ಅಂತೂ ಮುಟ್ಟಲೇಬಾರದು. ಕುಡಿತ ಬಿಟ್ಟ ಕೆಲವೇ ವಾರದಲ್ಲಿ ಲಿವರ್‌ನ ಕೊಬ್ಬು ಕರಗೋಕೆ ಶುರು ಆಗುತ್ತೆ ಅನ್ನೋದನ್ನ ಇವತ್ತಿನ ಡಾಕ್ಟರೂ ಹೇಳ್ತಾರೆ. ಮಾತ್ರೆ ಮಾರೋರು ಸೊಪ್ಪು ಇಟ್ಕೊಂಡ್ರು, ಪಥ್ಯ ಎಸೆದ್ರು. ಹಾಂ, ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸಬೇಡಿ, ಕೈ ನಡುಕ ಬಂದು ಫಿಟ್ಸ್ ತನಕ ಹೋಗಬಹುದು. ಡಾಕ್ಟರ್ ಹತ್ರ ಹೋಗಿ ನಿಲ್ಲಿಸಿ.

ಅಣ್ಣಂಗೆ ಹೇಳಿದೆ, ‘ಮಾತ್ರೆ ಬೇಕಾದ್ರೆ ತಗೋ ಮಾರಾಯ, ಪಥ್ಯನೂ ಮಾಡು’ ಅಂತ.

‘ಪಥ್ಯ ಮಾಡೋದಾದ್ರೆ ಮಾತ್ರೆಗೆ ಯಾಕೋ ದುಡ್ಡು ಹಾಕ್ಲಿ?’ ಅಂದ.