ಮದುವೆಯಾದ ಮೊದಲ ವರ್ಷದ ಟ್ಯಾಕ್ಸ್

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಹಿಮ ಬಿದ್ದಿದ್ದರೂ ಟ್ಯಾಕ್ಸ್ ವಿಷಯ ಕೇಳಲು ಬಂದಿದ್ದೀರಿ. ತುಂಬಾ ಸಂತೋಷ.

ಇವತ್ತು ನಾನು ಒಂದೇ ಸಂದರ್ಭದ ಬಗ್ಗೆ ಮಾತಾಡುತ್ತೇನೆ. ನೀವು ಎಫ್-1 ವೀಸಾದಲ್ಲಿ ಅಮೆರಿಕಕ್ಕೆ ಓದಲು ಬಂದವರು. 2025ರಲ್ಲಿ ಇಲ್ಲಿನ ಪ್ರಜೆಯೊಬ್ಬರನ್ನು ಮದುವೆಯಾಗಿದ್ದೀರಿ. ಏಪ್ರಿಲ್ 15ರೊಳಗೆ ರಿಟರ್ನ್ ಹಾಕಬೇಕು. ಈಗೇನು ಮಾಡುವುದು?

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಮ್ಮ ಮದುವೆ ರಿಜಿಸ್ಟರ್ ಆಗಿದ್ದು ಡಿಸೆಂಬರ್ ಮೂರನೇ ವಾರದಲ್ಲಿ, ಕೌಂಟಿ ಕಚೇರಿಯಲ್ಲಿ. ಧಾರೆ, ಊಟ, ನೆಂಟರು ಎಲ್ಲ ಮುಂದಿನ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಅಂತ ನಿಶ್ಚಯವಾಗಿತ್ತು. ಹಾಗಾಗಿ ನಮ್ಮಿಬ್ಬರ ಮನಸ್ಸಿನಲ್ಲೂ ಮದುವೆ ಇನ್ನೂ ಆಗಿರಲಿಲ್ಲ. ಫೆಬ್ರುವರಿಯಲ್ಲಿ ನಮ್ಮವರು ಪ್ರತಿವರ್ಷದಂತೆ ಸಾಫ್ಟ್‌ವೇರ್ ತೆರೆದು 'ಸಿಂಗಲ್' ಅಂತ ಒತ್ತಿದರು. ನಾನೂ ನನ್ನ ರಿಟರ್ನಿನಲ್ಲಿ ಹಾಗೇ ಹಾಕಿದೆ. ಗ್ರೀನ್ ಕಾರ್ಡ್ ಅರ್ಜಿಗೆ ಕಾಗದ ಜೋಡಿಸುವ ದಿನ ವಕೀಲರು ಮದುವೆ ಸರ್ಟಿಫಿಕೇಟನ್ನೂ ರಿಟರ್ನನ್ನೂ ಪಕ್ಕಪಕ್ಕ ಇಟ್ಟರು. "ಇದರಲ್ಲಿ ಡಿಸೆಂಬರ್‌ನಲ್ಲೇ ಮದುವೆ ಅಂತಿದೆ, ಅದರಲ್ಲಿ ಸಿಂಗಲ್ ಅಂತಿದೆ. ಯಾವುದು ನಿಜ?" ಅಂತ ಕೇಳಿದರು. ನನ್ನ ಕೈಕಾಲು ತಣ್ಣಗಾಯಿತು.

ಡಿಸೆಂಬರ್ 31ರ ದಿನ ನೀವು ಏನಾಗಿದ್ದೀರೋ, ಇಡೀ ವರ್ಷಕ್ಕೆ ಅದೇ ಲೆಕ್ಕ. ಡಿಸೆಂಬರ್ 30ಕ್ಕೆ ಮದುವೆಯಾದರೂ ಅಷ್ಟೇ. ನಿಮಗೂ ಸಿಂಗಲ್ ಇಲ್ಲ, ಅವರಿಗೂ ಇಲ್ಲ. ತಪ್ಪಾಗಿ ಹಾಕಿದ್ದರೆ ಹೆದರಬೇಡಿ. 1040-ಎಕ್ಸ್ ಅಂತ ಫಾರ್ಮ್ ಇದೆ. ರಿಟರ್ನ್ ಹಾಕಿ ಮೂರು ವರ್ಷದೊಳಗೆ ಸಾಮಾನ್ಯವಾಗಿ ತಿದ್ದಬಹುದು. ನಾವೂ ಹಾಗೇ ತಿದ್ದಿದೆವು.

ಇನ್ನು ಜಾಸ್ತಿ ಜನ ಎಡವುವ ಜಾಗಕ್ಕೆ ಬರುತ್ತೇನೆ. ಪ್ರಜೆಯನ್ನು ಮದುವೆಯಾದೆ, ಇನ್ನು ನಾನೂ ಇಲ್ಲಿನವಳೇ ಅಂತ ಅನ್ನಿಸುತ್ತೆ ಅಲ್ವಾ? ಟ್ಯಾಕ್ಸ್ ಇಲಾಖೆಗೆ ಹಾಗಲ್ಲ. ಎಫ್-1 ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ನಾನ್‌ರೆಸಿಡೆಂಟ್, ಅಂದರೆ ಟ್ಯಾಕ್ಸ್ ಲೆಕ್ಕಕ್ಕೆ ಇಲ್ಲಿನ ನಿವಾಸಿ ಅಲ್ಲ. 2023ರ ಆಗಸ್ಟ್‌ನಲ್ಲಿ ಮೊದಲ ಸಲ ಬಂದಿಳಿದವರಿಗೆ ಆ ವರ್ಷವೂ ಸೇರಿ 2027ರವರೆಗೆ. ಮದುವೆಯಿಂದ ಇದು ತಾನಾಗಿ ಬದಲಾಗುವುದಿಲ್ಲ. ಗ್ರೀನ್ ಕಾರ್ಡ್ ಸಿಕ್ಕರೆ ಬದಲಾಗುತ್ತೆ. 2025ರ ಮಧ್ಯದಲ್ಲೇ ಅದು ಸಿಕ್ಕಿದ್ದರೆ ನಿಮ್ಮ ಲೆಕ್ಕ ಬೇರೆ, ನೀವು ಆಮೇಲೆ ನನ್ನ ಹತ್ತಿರ ಬನ್ನಿ.

ಉಳಿದವರಿಗೆ ಎರಡು ದಾರಿ. ಒಂದು, ಇದ್ದ ಹಾಗೇ ಇರುವುದು. ನೀವು ನಾನ್‌ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್ 1040-ಎನ್‌ಆರ್ ಹಾಕಿ, ಜೊತೆಗೆ ವಿದ್ಯಾರ್ಥಿ ಅಂತ ತಿಳಿಸುವ 8843 ಫಾರ್ಮ್ ಇಟ್ಟು, 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' (ಮದುವೆಯಾಗಿದೆ, ಬೇರೆ ಬೇರೆ ಹಾಕುತ್ತೇವೆ) ಅಂತ ಗುರುತು ಮಾಡುವುದು. ನಿಮ್ಮವರು ಇಲ್ಲಿನವರು ಹಾಕುವ ಸಾಮಾನ್ಯ ಫಾರ್ಮ್ 1040ರಲ್ಲಿ ಪ್ರತ್ಯೇಕವಾಗಿ ಹಾಕುವುದು. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಇಲ್ಲೊಂದು ಅನುಕೂಲ ಇದೆ. ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ಕಲಮಿನ ಪ್ರಕಾರ ನಮಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಟ್ಯಾಕ್ಸ್ ಇಲ್ಲದೆ ಬಿಡುವ ನಿಗದಿತ ಮೊತ್ತ, ಸಿಗುತ್ತೆ. ಬೇರೆ ದೇಶಗಳ ಹೆಚ್ಚಿನ ನಾನ್‌ರೆಸಿಡೆಂಟ್‌ಗಳಿಗೆ ಅದಿಲ್ಲ.

ಎರಡನೆಯದು, ಇಬ್ಬರೂ ಸೇರಿ ಜಂಟಿ 1040 ಹಾಕುವುದು. ಅದಕ್ಕೆ ನಿಮ್ಮನ್ನು ಇಡೀ ವರ್ಷ ರೆಸಿಡೆಂಟ್ ಎಂದು ಪರಿಗಣಿಸಿ ಅಂತ ಇಬ್ಬರೂ ಬರೆದು ಕೇಳಬೇಕು.

ಲೆಕ್ಕ ನೋಡೋಣ. ಯಜಮಾನರ ಸಂಬಳ 70,000 ಡಾಲರ್ ಅಂತಿಟ್ಟುಕೊಳ್ಳಿ. ನಿಮಗೆ ರಿಸರ್ಚ್ ಅಸಿಸ್ಟೆಂಟ್ ಕೆಲಸದಿಂದ 24,000. 2025ರ ದರದಲ್ಲಿ ಬೇರೆ ಬೇರೆ ಹಾಕಿದರೆ ಫೆಡರಲ್ ಟ್ಯಾಕ್ಸ್ ಅವರಿಗೆ 6,849, ನಿಮಗೆ 825, ಒಟ್ಟು 7,674. ಜಂಟಿಯಾಗಿ ಹಾಕಿದರೆ 7,023. ಉಳಿಯುವುದು 651 ಡಾಲರ್. ನಿಮಗೆ ಸಂಬಳವೇ ಇಲ್ಲದಿದ್ದರೆ? ಅವರೊಬ್ಬರ 6,849 ಇಳಿದು 4,143 ಆಗುತ್ತೆ. ನೀವು ಕೈಯಿಂದ ಟ್ಯೂಷನ್ ಫೀಸ್ ಕಟ್ಟಿದ್ದರೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ 2,000 ಡಾಲರ್‌ವರೆಗೆ ಇನ್ನೂ ಇಳಿಯಬಹುದು. ಪ್ರತ್ಯೇಕವಾಗಿ ಹಾಕಿದವರಿಗೆ ಈ ಕ್ರೆಡಿಟ್ ಸಿಗುವುದಿಲ್ಲ.

ಹಾಗಾದರೆ ಜಂಟಿಯೇ ಸರಿ ಅಂತ ಈಗಲೇ ಸಹಿ ಹಾಕಬೇಡಿ. ರೆಸಿಡೆಂಟ್ ಅಂದರೆ ಪ್ರಪಂಚದಲ್ಲಿ ಎಲ್ಲೇ ಬಂದ ಆದಾಯವನ್ನೂ ಇಲ್ಲಿ ತೋರಿಸಬೇಕು. ನನಗೆ ಊರಲ್ಲಿ ಏನೂ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೂ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅಮ್ಮಾ, ನನ್ನ ಹೆಸರಲ್ಲಿ ಎಫ್‌ಡಿ ಏನಾದ್ರೂ ಇದ್ಯಾ?"

"ಇದೆ ಕಣೇ, ನಿನ್ನ ಮದುವೆಗೆ ಅಂತಲೇ ಇಟ್ಟಿದ್ದು. ಯಾಕೆ, ದುಡ್ಡು ಬೇಕಾಗಿತ್ತಾ?"

ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಮೂರು ರಸೀದಿ ಇದ್ದವು. ಅಮ್ಮ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಒಟ್ಟು 6 ಲಕ್ಷ, ಬಡ್ಡಿ ಶೇ 7. ಬ್ಯಾಂಕಿನ ಸರ್ಟಿಫಿಕೇಟು ಏಪ್ರಿಲ್‌ನಿಂದ ಮಾರ್ಚ್‌ಗೆ, ಇಲ್ಲಿನ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ಒಂದು ಭಾನುವಾರ ಪೂರ್ತಿ ಕೂತು ಪಾಸ್‌ಬುಕ್ಕಿನಲ್ಲಿ ಮೂರು ಮೂರು ತಿಂಗಳ ಬಡ್ಡಿ ಹುಡುಕಿ ಕೂಡಿಸಿದೆ. ವರ್ಷಕ್ಕೆ 42,000 ರೂಪಾಯಿ. ಸುಲಭಕ್ಕೆ ಸುಮಾರು 500 ಡಾಲರ್ ಅಂತಿಟ್ಟುಕೊಳ್ಳಿ. ಶೇ 12ರ ದರದಲ್ಲಿ ಇಲ್ಲಿ 60 ಡಾಲರ್ ಟ್ಯಾಕ್ಸ್ ಆಗುತ್ತೆ. ಭಾರತದಲ್ಲಿ ಆ ಬಡ್ಡಿಗೆ ಟ್ಯಾಕ್ಸ್ ಕಟ್ಟಿದ್ದರೆ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಕೂಡ ಕೇಳಬಹುದು. ಅಷ್ಟಕ್ಕೆ ನಾವು ಜಂಟಿ ದಾರಿ ಬಿಡಲಿಲ್ಲ.

ಆದರೆ ಬೆಂಗಳೂರಿನ ಫ್ಲ್ಯಾಟ್ ನಿಮ್ಮ ಹೆಸರಲ್ಲಿದ್ದು ಬಾಡಿಗೆ ಬರುತ್ತಿದ್ದರೆ ಲೆಕ್ಕ ತಿರುಗಿಬೀಳಬಹುದು. ಅನಿವಾಸಿ ಭಾರತೀಯರು ಹೊರದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಆದರೆ ಇಲ್ಲಿ ಇದೆ. ಭಾರತದ ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಹಾಕಿದ್ದೀರಾ? ಹೊರದೇಶದ ಫಂಡುಗಳಿಗೆ ಅಂತ 8621 ಅನ್ನೋ ಫಾರ್ಮ್ ಬರುತ್ತೆ, ಅದು ಸುಮ್ನೆ ಕೂತು ತುಂಬುವಂಥದ್ದಲ್ಲ. ಅಂಥವರು ಸಹಿಗೆ ಮೊದಲು ತಿಳಿದ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಒಬ್ಬರಿಗೆ ತೋರಿಸಿ. ಅವರಿಗೆ ಕೊಡುವ ಫೀಸ್ ಖಂಡಿತ ವ್ಯರ್ಥವಲ್ಲ.

ಬರೆದು ಕೇಳುವ ಆ ಕಾಗದ ಅರ್ಧ ಪುಟ. ವರ್ಷದ ಕೊನೆಯ ದಿನ ಒಬ್ಬರು ನಾನ್‌ರೆಸಿಡೆಂಟ್, ಇನ್ನೊಬ್ಬರು ಅಮೆರಿಕದ ಪ್ರಜೆ, ಇಡೀ ವರ್ಷಕ್ಕೆ ನಮ್ಮನ್ನು ರೆಸಿಡೆಂಟ್ ಎಂದು ಪರಿಗಣಿಸಬೇಕೆಂದು ಆಯ್ಕೆ ಮಾಡಿಕೊಂಡಿದ್ದೇವೆ ಅಂತ ಬರೆಯಬೇಕು. ಇಬ್ಬರ ಹೆಸರು, ವಿಳಾಸ, ಸೋಶಿಯಲ್ ಸೆಕ್ಯುರಿಟಿ ನಂಬರು, ಇಬ್ಬರ ಸಹಿ. ಕ್ಯಾಂಪಸ್ಸಿನಲ್ಲಿ ಕೆಲಸ ಮಾಡದೆ ನಿಮಗೆ ಆ ನಂಬರೇ ಇಲ್ಲದಿದ್ದರೆ ಡಬ್ಲ್ಯೂ-7 ಫಾರ್ಮ್ ತುಂಬಿ ರಿಟರ್ನ್ ಜೊತೆಗೇ ಐಟಿಐಎನ್, ಅಂದರೆ ಟ್ಯಾಕ್ಸ್‌ಗೆ ಮಾತ್ರ ಬಳಸುವ ನಂಬರು, ಕೇಳಬಹುದು. ಕಾಗದ ಲಗತ್ತಿಸಲು ನಿಮ್ಮ ಸಾಫ್ಟ್‌ವೇರ್ ಬಿಡದಿದ್ದರೆ ಎಲ್ಲವನ್ನೂ ಪ್ರಿಂಟ್ ಮಾಡಿ ಪೋಸ್ಟಿನಲ್ಲಿ ಕಳಿಸಿ.

ಈ ಆಯ್ಕೆ ಮುಂದಿನ ವರ್ಷಗಳಿಗೂ ನಡೆಯುತ್ತೆ. ಒಮ್ಮೆ ಹಿಂತೆಗೆದುಕೊಂಡರೆ ಮತ್ತೆ ಸಿಗುವುದಿಲ್ಲ. ಜಂಟಿ ರಿಟರ್ನಿನ ಪೂರ್ತಿ ಟ್ಯಾಕ್ಸಿಗೆ ಇಬ್ಬರೂ ಹೊಣೆ. ಹಾಗಾಗಿ ಒಬ್ಬರು ತುಂಬಿ ಇನ್ನೊಬ್ಬರು ಕಣ್ಣುಮುಚ್ಚಿ ಸಹಿ ಹಾಕುವುದು ಬೇಡ, ದಯವಿಟ್ಟು.

ತುಂಬಾ ಹುಡುಗಿಯರು ಕೇಳುತ್ತಾರೆ, ಅಕ್ಕಾ, ರೆಸಿಡೆಂಟ್ ಅಂತ ಬರೆದರೆ ಎಫ್-1 ಹೋಗಿಬಿಡುತ್ತಾ ಅಂತ. ಇಲ್ಲಮ್ಮಾ. ಇದು ಆದಾಯ ತೆರಿಗೆಯ ಲೆಕ್ಕಕ್ಕೆ ಮಾತ್ರ. ವೀಸಾದ ಲೆಕ್ಕ ಬೇರೆ. ನಾನ್‌ರೆಸಿಡೆಂಟ್ ವಿದ್ಯಾರ್ಥಿಯ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಅನ್ನೋ ಟ್ಯಾಕ್ಸ್ ಹಿಡಿಯುವುದಿಲ್ಲ. ಆ ರಿಯಾಯಿತಿಯೂ ಈ ಕಾಗದದಿಂದ ತಪ್ಪುವುದಿಲ್ಲ.

ಮದುವೆಯಾದ ಮೇಲೆ ಹೆಸರು ಬದಲಿಸಿದ್ದರೆ ಮೊದಲು ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಬದಲಿಸಿ. ಅಲ್ಲಿಯವರೆಗೆ ಕಾರ್ಡಿನಲ್ಲಿರುವ ಹೆಸರನ್ನೇ ರಿಟರ್ನಿನಲ್ಲಿ ಬರೆಯಿರಿ. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತೆ ನೋಡಿ, ಅದರಿಂದ ಗೊಂದಲ ಜಾಸ್ತಿ.

ಈಗ ಕಾಫಿ ಇದೆ. ನಾನು ಹಿಂದಿನ ಮೇಜಿನ ಹತ್ತಿರ ಇರುತ್ತೇನೆ. ಸಂಬಳದ ಡಬ್ಲ್ಯೂ-2, ಯೂನಿವರ್ಸಿಟಿ ಕೊಟ್ಟ ಟ್ಯೂಷನ್ ಲೆಕ್ಕದ 1098-ಟಿ, ಸ್ಕಾಲರ್‌ಶಿಪ್ ಇದ್ದರೆ 1042-ಎಸ್ ತಂದಿರುವವರು ಅಲ್ಲಿಗೆ ಬನ್ನಿ, ಒಟ್ಟಿಗೇ ನೋಡೋಣ. ಊರಿನ ಎಫ್‌ಡಿ ವಿಚಾರ ಇನ್ನೂ ಕೇಳಿಲ್ಲದವರು ಇವತ್ತು ರಾತ್ರಿ ಅಮ್ಮನಿಗೋ ಅಪ್ಪನಿಗೋ ಒಂದು ಫೋನ್ ಮಾಡಿ. ಅಲ್ಲಿ ಆಗ ಬೆಳಗಾಗಿರುತ್ತೆ.