ಹಳೆಯ ಚಿಕ್ಕ ವಿಮಾನದ ಸವೆದ ಉಪಕರಣಗಳನ್ನು ಬದಲಿಸುವ ಕುರಿತು

ಆತ್ಮೀಯರೇ,

ಉಪಕರಣವೊಂದು ಪೂರ್ತಿ ಕೆಟ್ಟು ನಿಂತರೆ ಪೈಲಟ್‌ಗೆ ಅದು ಕಣ್ಣಿಗೆ ಬೀಳುತ್ತದೆ. ಕೆಲಸ ಮಾಡುತ್ತಲೇ ಸ್ವಲ್ಪಸ್ವಲ್ಪವಾಗಿ ತಪ್ಪು ತೋರಿಸತೊಡಗಿದರೆ ಅದನ್ನು ಅವನು ನಂಬುತ್ತಲೇ ಹೋಗುತ್ತಾನೆ. ಮೋಡದೊಳಗೆ ವ್ಯಾಕ್ಯೂಮ್ ಪಂಪ್ (ಗಾಳಿ ಹೀರಿ ಉಪಕರಣಗಳನ್ನು ನಡೆಸುವ ಪಂಪ್) ಕೈಕೊಟ್ಟಾಗ ಆಗುವುದು ಇದೇ. ಉಪಕರಣದೊಳಗೆ ರಭಸದಿಂದ ತಿರುಗುತ್ತ ತನ್ನ ದಿಕ್ಕು ಬಿಡದ ಗೈರೊ ಚಕ್ರ ತಕ್ಷಣ ನಿಲ್ಲದೆ ಕೆಲವು ನಿಮಿಷಗಳ ಕಾಲ ವೇಗ ಕಳೆದುಕೊಳ್ಳುತ್ತದೆ, ವಿಮಾನದ ವಾಲುವಿಕೆಯನ್ನು ತೋರಿಸುವ ಕೃತಕ ದಿಗಂತ ಮೆಲ್ಲನೆ ವಾಲುತ್ತದೆ, ಮತ್ತು ಹೊರಗೆ ಏನೂ ಕಾಣದ ಪೈಲಟ್ ಅದನ್ನು ನೇರ ಮಾಡಲು ಹೋಗಿ ವಿಮಾನವನ್ನೇ ವಾಲಿಸಿಬಿಡಬಹುದು.

ಆದ್ದರಿಂದ ನನ್ನ ಮುಖ್ಯ ಮಾತು ಇಷ್ಟು: ಉಪಕರಣವನ್ನು ಬದಲಿಸುವ ಮುನ್ನ ಅದನ್ನು ನಡೆಸುವ ಮೂಲವನ್ನು ಪರೀಕ್ಷಿಸಬೇಕು. ಸಾಂಪ್ರದಾಯಿಕ ಫಲಕದ ಆರು ಉಪಕರಣಗಳಲ್ಲಿ ವೇಗಮಾಪಕ, ಆಲ್ಟಿಮೀಟರ್ (ಎತ್ತರ ಮಾಪಕ) ಹಾಗೂ ಏರಿಳಿತ ಸೂಚಕಗಳು ಪಿಟೋ (ಎದುರಿನಿಂದ ನುಗ್ಗುವ ಗಾಳಿಯ) ಮತ್ತು ಸ್ಟ್ಯಾಟಿಕ್ (ಸುತ್ತಲಿನ ಗಾಳಿಯ) ಒತ್ತಡವನ್ನು ಅವಲಂಬಿಸಿವೆ. ಕೃತಕ ದಿಗಂತ ಮತ್ತು ಹೆಡಿಂಗ್ ಇಂಡಿಕೇಟರ್‌ಗಳನ್ನು (ವಿಮಾನ ಸಾಗುವ ದಿಕ್ಕನ್ನು ತೋರಿಸುವ ಉಪಕರಣ) ಸಾಮಾನ್ಯವಾಗಿ ವ್ಯಾಕ್ಯೂಮ್ ಪಂಪ್ ಎಳೆಯುವ ಗಾಳಿ ತಿರುಗಿಸುತ್ತದೆ. ತಿರುವು ಸೂಚಕ ಬಹುತೇಕ ವಿದ್ಯುತ್ತಿನಿಂದ ನಡೆಯುತ್ತದೆ. ಹಲವು ವಿಮಾನಗಳಲ್ಲಿ ಹೀರುವಿಕೆ 4.5ರಿಂದ 5.5 ಇಂಚು ಪಾದರಸದಷ್ಟಿರಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಹಳೆಯ ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದರೆ ಹೊಸ ಗೈರೊ ಕೂಡ ನಿಧಾನವಾಗಿಯೇ ತಿರುಗುತ್ತದೆ. ಕ್ಯಾಬಿನ್‌ನಲ್ಲಿ ಸಿಗರೇಟು ಸೇದುತ್ತಿದ್ದ ಕಾಲದ ವಿಮಾನಗಳಲ್ಲಿ ಹೊಗೆಯ ಜಿಡ್ಡು ಬೇರಿಂಗ್‌ವರೆಗೂ ತಲುಪಿರುವುದುಂಟು. ಒಣ ಪಂಪ್ (ಎಣ್ಣೆಯಿಲ್ಲದೆ ಕಾರ್ಬನ್ ಭಾಗಗಳಿಂದ ನಡೆಯುವ ಬಗೆ) ಮುರಿದಿದ್ದರೆ ಅದರ ಕಾರ್ಬನ್ ಪುಡಿ ಕೊಳವೆಗಳಲ್ಲಿ ಉಳಿದಿರಬಹುದು. ಅದನ್ನು ತೆಗೆಯದೆ ಹಾಕಿದ ಹೊಸ ಪಂಪ್ ಹೆಚ್ಚು ಕಾಲ ಬಾಳುವುದಿಲ್ಲ.

ಬೇರಿಂಗ್ ಸವೆದಿರುವುದನ್ನು ಕಿವಿಯಿಂದಲೂ ಪತ್ತೆಹಚ್ಚಬಹುದು. ಎಂಜಿನ್ ನಿಲ್ಲಿಸಿದ ಮೇಲೆ ಚಕ್ರ ನಿಧಾನವಾಗುವಾಗ ಕರಕರ ಸದ್ದು ಬಂದರೆ, ಅಥವಾ ಅದು ಬೇಗನೆ ನಿಂತುಬಿಟ್ಟರೆ, ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಹಾರಾಟದಲ್ಲಿ ಹೆಡಿಂಗ್ ಇಂಡಿಕೇಟರನ್ನು ಪದೇಪದೇ ದಿಕ್ಸೂಚಿಗೆ ಹೊಂದಿಸಬೇಕಾಗುವುದೂ ಇಂಥದೇ ಲಕ್ಷಣ. ಇನ್ನೊಂದು ಎಚ್ಚರಿಕೆ: ಬಹಳ ಹಳೆಯ ಉಪಕರಣಗಳ ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದಿರುತ್ತಿದ್ದರು, ಅಂಥವನ್ನು ಯಾರೂ ಬಿಚ್ಚಿ ನೋಡಬಾರದು.

ಇಂದು ಅನೇಕರು ಗೈರೊ ಬದಲಿಗೆ ಎಲೆಕ್ಟ್ರಾನಿಕ್ ಪರದೆಯನ್ನು ಆರಿಸಿಕೊಳ್ಳುತ್ತಾರೆ. ತಿರುಗುವ ಭಾಗಗಳಿಲ್ಲದಿರುವುದು ಅದರ ದೊಡ್ಡ ಗುಣ, ಮತ್ತು ಈ ಆಯ್ಕೆಯನ್ನು ನಾನು ಒಪ್ಪುತ್ತೇನೆ. ಆದರೆ ವ್ಯಾಕ್ಯೂಮ್ ವ್ಯವಸ್ಥೆಯನ್ನು ಪೂರ್ತಿ ತೆಗೆದರೆ ಎಲ್ಲವೂ ವಿದ್ಯುತ್ತಿನ ಮೇಲೆಯೇ ನಿಲ್ಲುತ್ತದೆ. ಆಲ್ಟರ್ನೇಟರ್ (ಎಂಜಿನ್ ಬಲದಿಂದ ವಿದ್ಯುತ್ ಉತ್ಪಾದಿಸುವ ಯಂತ್ರ) ಕೆಟ್ಟರೂ ವಿಮಾನ ಸುರಕ್ಷಿತವಾಗಿ ಇಳಿಯುವವರೆಗೆ ಪರದೆ ಉರಿಯಬೇಕಾದರೆ ಅದಕ್ಕೆ ಸ್ವಂತ ಬ್ಯಾಟರಿ ಇರಲೇಬೇಕು, ಆ ಬ್ಯಾಟರಿಯ ಸಾಮರ್ಥ್ಯವನ್ನು ಕಾಲಕಾಲಕ್ಕೆ ಪರೀಕ್ಷಿಸಲೂ ಬೇಕು.

ಜೋಡಣೆಯನ್ನು ಪರವಾನಗಿಯುಳ್ಳ ತಂತ್ರಜ್ಞರೇ, ಆ ಮಾದರಿಯ ವಿಮಾನಕ್ಕೆ ಅನುಮೋದನೆಯಿರುವ ಉಪಕರಣದಿಂದಲೇ ಮಾಡಬೇಕು. ಸ್ಟ್ಯಾಟಿಕ್ ಕೊಳವೆಯನ್ನು ಬಿಚ್ಚಿದ್ದರೆ ಸೋರಿಕೆ ಪರೀಕ್ಷೆ ಕಡ್ಡಾಯ. ಪಂಪ್ ತೆಗೆದದ್ದರಿಂದ ಬದಲಾದ ತೂಕ ಮತ್ತು ಸಮತೋಲನದ ಲೆಕ್ಕವನ್ನು ದಾಖಲೆಯಲ್ಲಿ ತಿದ್ದಬೇಕು. ಬಳಿಕದ ಮೊದಲ ಹಾರಾಟ ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ ನಡೆಯಲಿ. ಪ್ರತಿ ತಿರುವಿನಲ್ಲೂ ಪರದೆಯನ್ನು ಹೊರಗಿನ ದಿಗಂತದೊಂದಿಗೆ, ಪ್ರತಿ ನೇರ ಹಾರಾಟದಲ್ಲೂ ಅದು ತೋರಿಸುವ ದಿಕ್ಕನ್ನು ದಿಕ್ಸೂಚಿಯೊಂದಿಗೆ ಹೋಲಿಸಿ ಬರೆದಿಟ್ಟುಕೊಳ್ಳಬೇಕು.