ಸ್ಪ್ಯಾನಿಷ್ ತರಗತಿಯಲ್ಲಿ ಕನ್ನಡದ ಕಿವಿ

ಕೇಳುಗರಿಗೆ ನಮಸ್ಕಾರ.

ಸ್ಪೇನಿನಲ್ಲಿ ವಾಸವಾಗಿದ್ದ ದಿನಗಳಲ್ಲಿ ನಾನು ಸಂಜೆಯ ಸ್ಪ್ಯಾನಿಷ್ ತರಗತಿಗೆ ಸೇರಿಕೊಂಡಿದ್ದೆ. ಮೊದಲ ಕೆಲವು ತಿಂಗಳು, ಶಿಕ್ಷಕಿ ಹೇಳಿದ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು, ಉತ್ತರವನ್ನೂ ಇಂಗ್ಲಿಷಿನಲ್ಲೇ ಕಟ್ಟಿ, ಆಮೇಲೆ ಸ್ಪ್ಯಾನಿಷಿಗೆ ತರುತ್ತಿದ್ದೆ. ಪರದೇಶದಲ್ಲಿ ಕಲಿಯುವವರಿಗೆ ಸಿಗುವ ಪಠ್ಯ, ನಿಘಂಟು, ಮೊಬೈಲ್ ಪಾಠಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರಿಗೆಂದೇ ಸಿದ್ಧವಾಗಿರುವುದರಿಂದ ಈ ಸುತ್ತುದಾರಿಯೇ ರಾಜಮಾರ್ಗವೆಂದು ನಂಬಿದ್ದೆ. ಕನ್ನಡದಿಂದ ನೇರವಾಗಿ ಸ್ಪ್ಯಾನಿಷಿಗೆ ಹೋಗುವ ದಾರಿ ಎಷ್ಟೋ ಕಡೆ ಹತ್ತಿರದ್ದೆಂದು ತಿಳಿಯಲು ನನಗೆ ಸಮಯ ಹಿಡಿಯಿತು. ಇಂದು ಆ ದಾರಿಯ ಬಗ್ಗೆಯೇ ಮಾತನಾಡುತ್ತೇನೆ.

ತರಗತಿಗಳ ವ್ಯವಸ್ಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಪೇನಿನಲ್ಲಿ ಖಾಸಗಿ ಶಾಲೆಗಳಲ್ಲದೆ ಸರ್ಕಾರವೇ ನಡೆಸುವ ಭಾಷಾಶಾಲೆಗಳೂ ಇವೆ. ಅವುಗಳಲ್ಲಿ ಮೊದಲನೆಯದು 1911ರಲ್ಲಿ ಮ್ಯಾಡ್ರಿಡ್‌ನಲ್ಲಿ ಆರಂಭವಾಯಿತು. ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸಿರುತ್ತಾರೆ. 1991ರಲ್ಲಿ ಸ್ಥಾಪನೆಯಾದ ಸರ್ವಾಂಟಿಸ್ ಸಂಸ್ಥೆ ಈ ಹಂತಗಳಿಗೆ ಡೆಲೆ ಎಂಬ ಪರೀಕ್ಷೆಯನ್ನು ನಡೆಸುತ್ತದೆ. ಅಲ್ಲಿನ ಪೌರತ್ವ ಬಯಸುವ ಭಾರತೀಯರು ಸಾಮಾನ್ಯವಾಗಿ ಎ2 ಹಂತದ ಭಾಷಾಜ್ಞಾನವನ್ನು ತೋರಿಸಬೇಕಾಗುತ್ತದೆ.

ಇನ್ನು ಭಾಷೆಯ ಮಾತು. ಉಚ್ಚಾರದಲ್ಲಿ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದ ಅನುಕೂಲವಿದೆ. ಸ್ಪ್ಯಾನಿಷಿನ ತಕಾರ ನಮ್ಮ ತಕಾರದಂತೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳುವಂಥದು. ಇಂಗ್ಲಿಷ್ ಮಾತೃಭಾಷೆಯ ಸಹಪಾಠಿಗಳು ವಾರಗಟ್ಟಲೆ ತಿದ್ದಿಕೊಳ್ಳುತ್ತಿದ್ದ ಆ ಧ್ವನಿ ನಮಗೆ ಕೇಳಿದೊಡನೆ ಬರುತ್ತದೆ. ಎಸ್ಪಾಞ ಎಂದು ಆ ದೇಶದವರು ತಮ್ಮ ದೇಶವನ್ನು ಕರೆಯುವಾಗ, ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಬಳಿಕ ಬಿಡಿಯಾಗಿ ಬಳಸದೇ ಬಿಟ್ಟ ಞಕಾರ ಜೀವಂತವಾಗಿ ಕಿವಿಗೆ ಬೀಳುತ್ತದೆ. ರಕಾರದಲ್ಲಿ ಮಾತ್ರ ಎಚ್ಚರ ಬೇಕು. ಪೆರೊ ಎಂದರೆ ‘ಆದರೆ’. ರಕಾರವನ್ನು ಒತ್ತಿ ಕಂಪಿಸಿ ಪೆರ್ರೊ ಎಂದರೆ ‘ನಾಯಿ’. ಇದನ್ನು ಕೇಳಿದಾಗ ನನಗೆ ಹಳಗನ್ನಡದ ಶಕಟರೇಫೆ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ, ನೆನಪಾಯಿತು. ರೇಫೆಯಿಂದ ಬರೆದ ‘ಅರಿ’ಗೆ ಕತ್ತರಿಸು ಎಂದೂ ಶಕಟರೇಫೆಯಿಂದ ಬರೆದ ‘ಅಱಿ’ಗೆ ತಿಳಿ ಎಂದೂ ಅರ್ಥವಿದ್ದ ಕಾಲವೊಂದಿತ್ತು. ನಾವು ಕಳೆದುಕೊಂಡ ಅಂಥದೊಂದು ಭೇದವನ್ನು ಸ್ಪ್ಯಾನಿಷ್ ಇನ್ನೂ ಕಾಪಾಡಿಕೊಂಡಿದೆ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ವ್ಯಾಕರಣ. ‘ನನಗೆ ಸಂಗೀತ ಇಷ್ಟ’ ಎನ್ನಲು ಸ್ಪ್ಯಾನಿಷರು ‘ಮೆ ಗುಸ್ತಾ ಲಾ ಮೂಸಿಕಾ’ ಎನ್ನುತ್ತಾರೆ. ಇಲ್ಲಿ ‘ಮೆ’ ಎಂದರೆ ‘ನಾನು’ ಅಲ್ಲ, ‘ನನಗೆ’. ಇಷ್ಟಪಡುವವನು ಚತುರ್ಥಿ ವಿಭಕ್ತಿಯಲ್ಲಿರುತ್ತಾನೆ, ಇಷ್ಟವಾದದ್ದು ಕರ್ತೃಸ್ಥಾನದಲ್ಲಿರುತ್ತದೆ. ಇಂಗ್ಲಿಷಿನಿಂದ ಬಂದವರಿಗೆ ತಲೆಕೆಳಗಾಗಿ ಕಾಣುವ ಈ ರಚನೆ ಕನ್ನಡಿಗರ ನಿತ್ಯದ ಮಾತು. ‘ಬಂದೆ’ ಎಂದಷ್ಟೇ ಹೇಳಿ ‘ನಾನು’ ಎಂಬುದನ್ನು ಕ್ರಿಯಾಪದದೊಳಗೆ ಬಿಡುವ ಅಭ್ಯಾಸವೂ, ನೀನು ಮತ್ತು ನೀವುಗಳಂತೆ ತೂ ಮತ್ತು ಉಸ್ತೆದ್ ಎಂಬ ಭೇದವೂ ಅಲ್ಲಿವೆ. ಮಾತಾಡಿದೆ, ಮಾತಾಡುತ್ತಿದ್ದೆ ಎಂಬ ಎರಡು ಭೂತರೂಪಗಳು ನಮಗಿರುವುದರಿಂದ ಅವರ ಆಬ್ಲೆ, ಆಬ್ಲಾಬಾ ಎಂಬ ಜೋಡಿಯೂ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೇರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬಿ’ (be) ಎಂಬ ಒಂದೇ ಪದ. ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂದು ನಮಗೆ ಕಲಿಸಿದ್ದರು. ಒಂದು ದಿನ ಪಾಠದಲ್ಲಿ ‘ಎಸ್ತಾ ಮುಯೆರ್ತೊ’, ಅಂದರೆ ‘ಸತ್ತಿದ್ದಾನೆ’ ಎಂಬ ವಾಕ್ಯ ಬಂದಾಗ ಇಡೀ ತರಗತಿ ಗೊಂದಲಕ್ಕೆ ಬಿತ್ತು. ಸಾವಿಗಿಂತ ಶಾಶ್ವತವಾದದ್ದು ಇನ್ನೇನಿದೆ? ಆಗ ನಾನು ಮೊದಲ ಬಾರಿಗೆ ಆ ವಾಕ್ಯವನ್ನು ಕನ್ನಡದಲ್ಲಿ ಕೇಳಿಸಿಕೊಂಡೆ. ‘ಅವನು ವೈದ್ಯ’ ಎನ್ನುವಾಗ ನಾವು ಯಾವ ಕ್ರಿಯಾಪದವನ್ನೂ ಬಳಸುವುದಿಲ್ಲ. ಅಲ್ಲಿ ಅವರು ಸೇರ್ ಬಳಸುತ್ತಾರೆ. ‘ಮನೆಯಲ್ಲಿದ್ದಾನೆ’, ‘ದಣಿದಿದ್ದಾನೆ’, ‘ಸತ್ತಿದ್ದಾನೆ’ ಎನ್ನುವಾಗ ನಮ್ಮ ‘ಇರು’ ಧಾತು ಬರುತ್ತದೆ. ಅಲ್ಲಿ ಅವರದು ಎಸ್ತಾರ್. ಕಾಲದ ಉದ್ದವಲ್ಲ, ಸ್ಥಿತಿಯೇ ಇಲ್ಲಿ ಮುಖ್ಯವೆಂಬುದನ್ನು ‘ಇರು’ ನನಗೆ ತಿಳಿಸಿಕೊಟ್ಟಿತು. ಈ ಹೋಲಿಕೆ ಎಲ್ಲೆಡೆ ನಡೆಯುವುದಿಲ್ಲ. ‘ಸಭೆ ಮೂರನೇ ಕೊಠಡಿಯಲ್ಲಿದೆ’ ಎಂದು ಘಟನೆಯ ಸ್ಥಳವನ್ನು ಹೇಳುವಾಗ ಅವರು ಸೇರ್ ಅನ್ನೇ ಬಳಸುತ್ತಾರೆ, ಅಂಥವನ್ನು ಬೇರೆಯಾಗಿಯೇ ಕಲಿಯಬೇಕು. ನಾಮಪದಗಳ ಲಿಂಗದಲ್ಲಂತೂ ಕನ್ನಡ ಸ್ವಲ್ಪವೂ ನೆರವಾಗುವುದಿಲ್ಲ. ನಮ್ಮಲ್ಲಿ ಅರ್ಥವನ್ನು ನೋಡಿ ಲಿಂಗ. ಅವರಲ್ಲಿ ಮೇಜು ಸ್ತ್ರೀಲಿಂಗ, ಸಮಸ್ಯೆ ಪುಲ್ಲಿಂಗ. ಪ್ರತಿ ಪದವನ್ನೂ ಅದರ ಮುಂದೆ ಬರುವ ‘ಎಲ್’ ಅಥವಾ ‘ಲಾ’ ಎಂಬ ಉಪಪದದ ಜೊತೆಗೇ ಬಾಯಿಪಾಠ ಮಾಡುವುದೊಂದೇ ಉಪಾಯ.

ತರಗತಿಯ ಹೊರಗೆ ಕೇಳುವ ಮಾತು ಇನ್ನೂ ವೇಗವಾದದ್ದು. ದಕ್ಷಿಣದ ಆಂದಲೂಸಿಯಾದಲ್ಲಿ ಪದದ ಕೊನೆಯ ಸಕಾರ ಉಸಿರಿನಲ್ಲಿ ಕರಗಿಹೋಗುತ್ತದೆ. ಹೀಗಾಗಿ ದಿನಕ್ಕೊಮ್ಮೆಯಾದರೂ ಅಪರಿಚಿತರೊಡನೆ ಮಾತನಾಡದ ಹೊರತು ತರಗತಿಯ ಪಾಠ ನಾಲಿಗೆಗೆ ಇಳಿಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಪೇನಿನ ಎಷ್ಟೋ ಆಸ್ಪತ್ರೆಗಳಲ್ಲಿ, ಮಾರುಕಟ್ಟೆಗಳಲ್ಲಿ ಜನ ಸಾಲಾಗಿ ನಿಲ್ಲುವುದಿಲ್ಲ. ಹೊಸದಾಗಿ ಬಂದವರು ‘ಕೊನೆಯವರು ಯಾರು’ ಎಂದು ಕೇಳಿ, ಅವರ ನಂತರದ ಸರದಿ ತಮ್ಮದೆಂದು ಗುರುತಿಟ್ಟುಕೊಳ್ಳುತ್ತಾರೆ. ಒಂದು ಬೆಳಿಗ್ಗೆ ವೈದ್ಯರ ಕೋಣೆಯ ಮುಂದೆ ಕುಳಿತಿದ್ದಾಗ ವೃದ್ಧೆಯೊಬ್ಬರು ಬಂದು ‘ಕಿಯೆನ್ ಎಸ್ ಎಲ್ ಉಲ್ತಿಮೊ’ ಎಂದು ಕೇಳಿದರು. ಕನ್ನಡದಲ್ಲಾದರೆ ‘ನಾನೇ’ ಎಂದಷ್ಟೇ ಹೇಳುತ್ತಿದ್ದೆ. ಅಲ್ಲಿ ‘ಇರು’ವಿಗೆ ಕೆಲಸವಿಲ್ಲ, ಆದ್ದರಿಂದ ಸೇರ್. ಇಷ್ಟನ್ನೂ ಯೋಚಿಸುವ ಮೊದಲೇ ನನ್ನ ಬಾಯಿಂದ ಸೇರ್‌ನ ರೂಪವೇ ಆದ ‘ಸೋಯ್’ ಸೇರಿದ ‘ಸೋಯ್ ಯೊ’ ಎಂಬ ಉತ್ತರ ಹೊರಬಂದಿತ್ತು. ಅವರು ತಲೆಯಾಡಿಸಿ ನನ್ನ ಪಕ್ಕದಲ್ಲಿ ಕುಳಿತರು.